ನ್ಯಾಯ: ದಾನವೋ, ದಾಸೋಹವೋ?

ಹಸಿದವರಿಗೆ ಅನ್ನವಿಕ್ಕುವುದು ಧರ್ಮವೆಂಬುದನ್ನು ನಮ್ಮ ನಾಡಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಮಠಗಳಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದವರೂ ಉಣ್ಣದೆ ಮರಳುವುದಿಲ್ಲ. ಆದರೆ ಹೊಟ್ಟೆಯ ಹಸಿವಿನಂತೆಯೇ ನ್ಯಾಯದ ಹಸಿವೆಂಬುದೂ ಒಂದುಂಟು. ಅದನ್ನು ಹಿಂಗಿಸುವ ಹೊಣೆ ಯಾರದು? ಹಿಂಗಿಸಿದಾಗ ನಾವು ಮಾಡಿದುದು ಉಪಕಾರವೋ, ಸಲ್ಲಬೇಕಾದುದನ್ನು ಸಲ್ಲಿಸಿದ ಕರ್ತವ್ಯವೋ? ಸದ್ಭಕ್ತರು ಈ ಪ್ರಶ್ನೆಯನ್ನು ನಮ್ಮೊಡನೆ ಕೆಲಹೊತ್ತು ವಿಚಾರಿಸಬೇಕು.

ಇದು ನಮ್ಮನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ. 2007ರಲ್ಲಿ, ನಾವು ಪಟ್ಟಕ್ಕೆ ಬಂದ ಹೊಸತರಲ್ಲಿ, ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯ ಅಣ್ಣತಮ್ಮಂದಿರು ತಮ್ಮ ವಿಧವೆ ತಂಗಿಯನ್ನು ಕರೆದುಕೊಂಡು ಮಠಕ್ಕೆ ಬಂದರು. ತಂದೆ ಆಗತಾನೆ ಲಿಂಗೈಕ್ಯರಾಗಿದ್ದರು. ಆಕೆ ಹೊಲದಲ್ಲಿ ಪಾಲು ಕೇಳಿದ್ದಳು. ನಾವು ಎರಡೂ ಕಡೆಯ ಮಾತು ಕೇಳಿ, "ತವರೆಂಬುದು ಉಳಿಯಬೇಕಲ್ಲವೇ ತಾಯಿ" ಎಂದೆವು. ಆಕೆ ಮರುಮಾತಾಡದೆ ಹಕ್ಕುಬಿಡುಗಡೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಎಲ್ಲರೂ ಪ್ರಸಾದ ಸ್ವೀಕರಿಸಿ ಹೋದರು. ಜಗಳ ತೀರಿತೆಂದು ನಾವೂ ಸಂತೋಷಪಟ್ಟೆವು. ಮೂರು ವರ್ಷಗಳ ತರುವಾಯ ಜಾತ್ರೆಯಲ್ಲಿ ಆಕೆ ನಮಸ್ಕರಿಸಿ ಎದ್ದು ನಿಂತು ಒಂದೇ ಮಾತು ಕೇಳಿದಳು: "ಅಜ್ಜಾರ, ನಾ ಕೇಳಿದ್ದು ತಪ್ಪಿತ್ತೇನ್ರಿ?"

ಆಕೆ ಕೇಳಿದ್ದು ತಪ್ಪಾಗಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ಆದ ತಿದ್ದುಪಡಿಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತ್ತು. ವಿಶ್ವವಿದ್ಯಾಲಯದ ಪದವಿ ಪಡೆದ ನಮಗೆ ಅದು ತಿಳಿಯದ ಸಂಗತಿಯೇನಲ್ಲ. ಹೆಣ್ಣುಮಕ್ಕಳಿಗೆ ಸರಕಾರವೇ ವಕೀಲರನ್ನು ಕೊಡುತ್ತದೆಂಬುದನ್ನೂ ಕೇಳಿದ್ದೆವು. ತಿಳಿದೂ ಆಕೆಗೆ ತಿಳಿಸಲಿಲ್ಲ. ಶಾಂತಿಯ ಹೆಸರಿನಲ್ಲಿ ಅಬಲೆಯ ಪಾಲನ್ನು ಬಲವುಳ್ಳವರ ಕೈಗಿತ್ತೆವು. ಆ ಪತ್ರವನ್ನು ಇಲ್ಲದಂತೆ ಮಾಡುವ ಶಕ್ತಿ ಇಂದು ನಮಗಿಲ್ಲ.

ಇಂತಹ ಅನ್ಯಾಯ ಆಗಬಾರದೆಂದೇ ನಮ್ಮ ಸಂವಿಧಾನಕ್ಕೆ 1976ರಲ್ಲಿ 39ಎ ವಿಧಿಯನ್ನು ಸೇರಿಸಲಾಯಿತು. ಬಡತನದ ಕಾರಣದಿಂದ ಯಾರಿಗೂ ನ್ಯಾಯ ತಪ್ಪದಂತೆ ನೋಡಿಕೊಳ್ಳುವುದು ರಾಜ್ಯದ ಹೊಣೆಯೆಂಬುದು ಅದರ ಆಶಯ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯು 1995ರ ನವೆಂಬರ್ 9ರಂದು ಜಾರಿಗೆ ಬಂದಿತು. ಅದರಂತೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಖಾನೆಯ ಕಾರ್ಮಿಕರು, ಬಂಧನದಲ್ಲಿರುವವರು, ನೆರೆ ಬರಗಳಿಗೆ ಸಿಕ್ಕವರು ಇವರೆಲ್ಲರೂ ಉಚಿತ ನೆರವಿಗೆ ಅರ್ಹರು. ಇವರ ಆದಾಯವನ್ನು ಕೇಳುವಂತಿಲ್ಲ. ತಾಲ್ಲೂಕು ಮಟ್ಟದ ಸಮಿತಿಗೆ ಅಲ್ಲಿಯ ಹಿರಿಯ ನ್ಯಾಯಾಧೀಶರೇ ಅಧ್ಯಕ್ಷರು.

ಇಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಧರ್ಮವಿಚಾರವಿದೆ. 1986ರಲ್ಲಿ ಅರುಣಾಚಲ ಪ್ರದೇಶದ ಸುಕ್ ದಾಸ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಆರೋಪಿಯು ನೆರವು ಕೇಳಲಿಲ್ಲವೆಂಬ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ, ಅವನಿಗೆ ಅಂತಹ ಹಕ್ಕುಂಟೆಂದು ತಿಳಿಸುವುದೇ ಮೊದಲ ಕರ್ತವ್ಯವೆಂದು ಹೇಳಿ, ವಿಧಿಸಿದ್ದ ಶಿಕ್ಷೆಯನ್ನು ರದ್ದುಗೊಳಿಸಿತು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೇ ಇದು. ದಾನದಲ್ಲಿ ಬೇಡುವವನು ಬರಬೇಕು, ಕೊಡುವವನ ಕೈ ಮೇಲಿರಬೇಕು. ದಾಸೋಹದಲ್ಲಿ ಕೊಡುವವನೇ ದಾಸ. ಬಂದವರು ಬಾಯಿ ಬಿಟ್ಟು ಕೇಳುವ ಮೊದಲೇ ಎಲೆ ಹಾಕುವುದು ಅವನ ಕೆಲಸ.

ಜಗತ್ತು ಕೂಡ ನಿಧಾನವಾಗಿ ಇದೇ ತೀರ್ಮಾನಕ್ಕೆ ಬಂದಿದೆ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಕಾನೂನು ನೆರವು ದೊರೆಯುವಂತೆ ಮಾಡುವುದು ರಾಜ್ಯಗಳ ಕರ್ತವ್ಯವೆಂದು ವಿಶ್ವಸಂಸ್ಥೆಯ ಮಹಾಸಭೆಯು 2012ರಲ್ಲಿ ಮಾರ್ಗದರ್ಶಿ ತತ್ತ್ವಗಳನ್ನು ಅಂಗೀಕರಿಸಿತು. ಅದರ ಅಭಿವೃದ್ಧಿ ಸಂಸ್ಥೆಯು ನಮ್ಮ ಕೇಂದ್ರ ಸರಕಾರದ ನ್ಯಾಯ ಇಲಾಖೆಯೊಡನೆ ಕೂಡಿ ಕೆಲವು ರಾಜ್ಯಗಳಲ್ಲಿ ದುರ್ಬಲರಿಗೆ ಕಾನೂನಿನ ತಿಳಿವಳಿಕೆ ನೀಡುವ ಕಾರ್ಯವನ್ನೂ ನಡೆಸಿತು. ಇಂತಹ ನೆರವು ಸ್ವಾಗತಾರ್ಹವೇ. ಆದರೆ ಶ್ರೀಮಂತ ರಾಷ್ಟ್ರವು ಬಡರಾಷ್ಟ್ರಕ್ಕೆ ದಾನಿಯಂತೆ ಕೊಟ್ಟರೆ, ಕೊಟ್ಟವರು ಹೋದ ದಿನವೇ ಕೆಲಸವೂ ನಿಂತೀತು. ಎಷ್ಟೇ ಹಣ, ಎಷ್ಟೇ ತಜ್ಞರು ಬಂದರೂ, ಹಳ್ಳಿಯ ಕಟ್ಟೆಯಿಂದ ಹುಕ್ಕೇರಿಯ ನ್ಯಾಯಾಲಯದವರೆಗಿನ ದಾರಿಯನ್ನು ಆ ವಿಧವೆಯ ಜೊತೆ ನಡೆಯಬೇಕಾದವರು ಅವಳ ಊರಿನವರೇ.

"ಕೋರ್ಟಿನ ಮೆಟ್ಟಿಲು ಹತ್ತಿದ ಮನೆತನ ಉಳಿಯುವುದಿಲ್ಲ" ಎಂದು ಹಿರಿಯರು ಆಕ್ಷೇಪಿಸಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಲೋಕ ಅದಾಲತ್ ಹುಟ್ಟಿದ್ದೂ ರಾಜಿಯ ಹಿರಿಮೆಯನ್ನು ಬಲ್ಲವರಿಂದಲೇ. ಅಲ್ಲಿ ಶುಲ್ಕವಿಲ್ಲ, ತೀರಿದ ವ್ಯಾಜ್ಯಕ್ಕೆ ಕಟ್ಟಿದ ಕೋರ್ಟು ಶುಲ್ಕವೂ ಮರಳುತ್ತದೆ. ಆದರೆ ಅಲ್ಲಿಯ ತೀರ್ಮಾನದ ಮೇಲೆ ಅಪೀಲು ಇಲ್ಲ. ಆದುದರಿಂದಲೇ ಒಪ್ಪುವವರು ತಿಳಿದು ಒಪ್ಪಬೇಕು. ತನ್ನದೇನೆಂದು ಬಲ್ಲವರು ಬಿಟ್ಟುಕೊಟ್ಟರೆ ಅದು ತ್ಯಾಗ. ಅರಿಯದವರಿಂದ ಬಿಡಿಸಿಕೊಂಡರೆ ಅದು ವಂಚನೆ. ನಾವು ಮಠದಲ್ಲಿ ಮಾಡಿಸಿದ ರಾಜಿ ಈ ಎರಡನೆಯ ಬಗೆಯದಾಗಿತ್ತು.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣವನ್ನೂ ಮೂಡಲಗಿ, ಹುಕ್ಕೇರಿ ಭಾಗದ ನದೀತೀರದ ಹಳ್ಳಿಗಳನ್ನೂ ಮುಳುಗಿಸಿದ ದಿನಗಳು ಎಲ್ಲರ ನೆನಪಿನಲ್ಲಿವೆ. ಅಂದು ಮಠಗಳೂ ಭಕ್ತರೂ ರೊಟ್ಟಿ, ಹಾಸಿಗೆ, ಹೊದಿಕೆಗಳನ್ನು ಹೊತ್ತು ಓಡಿದರು. ಬಳಿಕ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಕೊಡುವ ಸಮಯ ಬಂದಾಗ, ನೆರೆಸಂತ್ರಸ್ತರಿಗೆ ಉಚಿತ ವಕೀಲರ ನೆರವು ಹಕ್ಕಾಗಿಯೇ ಉಂಟೆಂದು ನಮ್ಮಲ್ಲಿ ಎಷ್ಟು ಜನ ಹೇಳಿದೆವು? ರೊಟ್ಟಿ ಹಂಚಿದ ಕೈಗೆ ಈ ಮಾತನ್ನು ಹಂಚುವುದು ಭಾರವಾಗುತ್ತಿರಲಿಲ್ಲ.

ಆದುದರಿಂದ ನಾವು ಒಂದು ನಿಯಮ ಮಾಡಿಕೊಂಡಿದ್ದೇವೆ. ಪಾಲು, ಜೀವನಾಂಶ, ಗಡಿತಂಟೆ ಯಾವುದೇ ಇರಲಿ, ಮಠಕ್ಕೆ ಬಂದವರಿಗೆ ಮೊದಲು ಅವರ ಹಕ್ಕನ್ನು ತಿಳಿಸುತ್ತೇವೆ. ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ದಾರಿಯನ್ನೂ 15100 ಎಂಬ ಸಹಾಯವಾಣಿಯನ್ನೂ ಹೇಳುತ್ತೇವೆ. ರಾಜಿಯ ಮಾತು ಆಮೇಲೆ. ನಮ್ಮ ಮಠದ ಪ್ರಸಾದನಿಲಯದಲ್ಲಿ ಉಂಡು ಓದಿ ವಕೀಲರಾದವರು, ಶಿಕ್ಷಕರಾದವರು ಅನೇಕರಿದ್ದಾರೆ. ತಿಂಗಳಿಗೊಮ್ಮೆ ಅಮಾವಾಸ್ಯೆಯ ಶಿವಾನುಭವಕ್ಕೆ ಬಂದಾಗ, ಗೋಷ್ಠಿ ಮುಗಿದ ಮೇಲೆ ಅರ್ಧ ಗಂಟೆ ಕುಳಿತು, ಕೇಳಲು ಅಂಜುವ ತಾಯಂದಿರನ್ನು ತಾವೇ ಮಾತಾಡಿಸಲಿ. ಉಂಡ ಅನ್ನಕ್ಕೆ ಇದಕ್ಕಿಂತ ಮಿಗಿಲಾದ ದಾಸೋಹವನ್ನು ನಾವು ಅವರಿಂದ ಬಯಸುವುದಿಲ್ಲ.