ಕೈಯಾರೆ ಹುಟ್ಟುವ ರಸ

ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿರುವ ಪ್ಲೇಡೆಡ್ ಎಂಬ ಸಣ್ಣ ಕಂಪನಿ 2010ರ ಜುಲೈನಲ್ಲಿ ‘ಲಿಂಬೊ’ ಎಂಬ ವಿಡಿಯೊ ಗೇಮನ್ನು ಹೊರತಂದಿತು. ಕಪ್ಪು, ಬಿಳಿ, ಬೂದು ಬಿಟ್ಟರೆ ಅದರಲ್ಲಿ ಬೇರೆ ಬಣ್ಣವಿಲ್ಲ. ಕಾಡಿನಲ್ಲಿ ಒಬ್ಬ ಹುಡುಗ ಕಣ್ಣು ಬಿಡುತ್ತಾನೆ. ಅವನಿಗೆ ಮುಖವಿಲ್ಲ, ಎರಡು ಬಿಳಿ ಚುಕ್ಕೆಗಳೇ ಕಣ್ಣು. ಅವನು ಹುಡುಕುತ್ತಿರುವುದು ತಂಗಿಯನ್ನೋ ಅಕ್ಕನನ್ನೋ, ಆಟ ಹೇಳುವುದಿಲ್ಲ. ಸಂಭಾಷಣೆ ಇಲ್ಲ, ಹೀಗೆ ಆಡು ಎಂಬ ಸೂಚನೆಯೂ ಇಲ್ಲ. ಹಳ್ಳ, ಗರಗಸ, ಬಲೆ ಎಲ್ಲದರಲ್ಲೂ ಸತ್ತು ಸತ್ತು, ಒಗಟು ಬಿಡಿಸಿ ದಾರಿ ಕಂಡುಕೊಳ್ಳಬೇಕು. ವಿಮರ್ಶಕರು ಇದನ್ನು ಬಾಯ್ತುಂಬ ಹೊಗಳಿದರು. ವಿಮರ್ಶೆಗಳ ಅಂಕಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ ನೂರಕ್ಕೆ 90 ಬಂತು. ಜೊತೆಗೆ ಎರಡು ಆಕ್ಷೇಪಗಳೂ ಬಂದವು. ಮೂರು ನಾಲ್ಕು ಗಂಟೆಯಲ್ಲಿ ಮುಗಿಯುವ ಆಟಕ್ಕೆ 15 ಡಾಲರ್ ಹೆಚ್ಚಾಯಿತು ಎಂಬುದು ಒಂದು. ಮೊದಲರ್ಧದ ಮೋಡಿ ಉತ್ತರಾರ್ಧದಲ್ಲಿ ಇಲ್ಲ ಎಂಬುದು ಇನ್ನೊಂದು.

ಮೊದಲ ಆಕ್ಷೇಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದುಡ್ಡು ಕೊಡುವವನಿಗೆ ಬೆಲೆಯ ಬಗ್ಗೆ ಕೇಳುವ ಹಕ್ಕು ಖಂಡಿತ ಇದೆ. ಆದರೆ ಅದು ಕೊಳ್ಳುವವನ ಪ್ರಶ್ನೆ. ಸಣ್ಣಕತೆಯನ್ನು ಪುಟದ ಲೆಕ್ಕದಲ್ಲಿ ತೂಗಿ ಕಾದಂಬರಿಗಿಂತ ಕಡಿಮೆ ಎನ್ನುವವರನ್ನು ನಾವು ವಿಮರ್ಶಕರೆಂದು ಕರೆಯುವುದಿಲ್ಲ. ಲಿಂಬೊವನ್ನು ಇಪ್ಪತ್ತು ಗಂಟೆ ಎಳೆದಿದ್ದರೆ ಅದರ ಕತ್ತಲು ನಮಗೆ ಒಗ್ಗಿಹೋಗುತ್ತಿತ್ತು.

ಎರಡನೆಯ ಆಕ್ಷೇಪ ಸರಿಯಾದದ್ದು. ಅದಕ್ಕೆ ಕೊಟ್ಟ ಕಾರಣ ಮಾತ್ರ ನನಗೆ ಸಾಲದು. ಕಾಡು ಮುಗಿದು ಕಾರ್ಖಾನೆ ಬಂತು, ಚಿತ್ರಗಳು ಯಾಂತ್ರಿಕವಾದವು, ಆದ್ದರಿಂದ ವಾತಾವರಣ ಸೊರಗಿತು ಎಂದವರಿದ್ದಾರೆ. ಈ ಮಾತಿನ ಹಿಂದೆ ಒಂದು ಗ್ರಹಿಕೆಯಿದೆ: ವಾತಾವರಣ ಎನ್ನುವುದು ಚಿತ್ರ ಮತ್ತು ಧ್ವನಿಯ ಕೆಲಸ, ಒಗಟು ಬುದ್ಧಿಯ ಕೆಲಸ, ಎರಡಕ್ಕೂ ಬೇರೆ ಬೇರೆ ಅಂಕ ಕೊಡಬಹುದು. ಇಲ್ಲೇ ವಿಮರ್ಶೆ ದಾರಿ ತಪ್ಪುತ್ತದೆಂದು ನನ್ನ ವಾದ.

ಮೊದಲರ್ಧದ ಜೇಡವನ್ನು ನೋಡೋಣ. ಮರದ ಬುಡದಲ್ಲಿ ದೈತ್ಯ ಜೇಡವೊಂದು ಕೂತಿದೆ. ಹತ್ತಿರ ಹೋದರೆ ಭರ್ಜಿಯಂಥ ಕಾಲಿನಿಂದ ಹುಡುಗನನ್ನು ಇರಿಯುತ್ತದೆ. ಪ್ರಾಣಿಗಳ ಕಾಲಿಗೆ ಕಚ್ಚುವ ಕಬ್ಬಿಣದ ಬೋನೊಂದು ಮರದಲ್ಲಿ ಸಿಕ್ಕಿಕೊಂಡಿದೆ, ಕೈಗೆಟುಕುವುದಿಲ್ಲ. ಅದು ಬೀಳಬೇಕಾದರೆ ಮರ ಅದುರಬೇಕು. ಮರ ಅದುರಬೇಕಾದರೆ ಜೇಡ ಕಾಲು ಬಡಿಯಬೇಕು. ಜೇಡ ಕಾಲು ಬಡಿಯಬೇಕಾದರೆ ಹುಡುಗ ಅದರ ಕಾಲಡಿಗೇ ಹೋಗಬೇಕು. ಅಂದರೆ ಯಾವುದರಿಂದ ಓಡಬೇಕೆನ್ನಿಸುತ್ತದೋ ಅದರ ಬಳಿಗೇ ನಡೆಯುವುದು ಈ ಒಗಟಿನ ಉತ್ತರ. ಇಲ್ಲಿ ಭಯವನ್ನು ತೆಗೆದರೆ ಒಗಟು ಉಳಿಯುವುದಿಲ್ಲ, ಒಗಟನ್ನು ತೆಗೆದರೆ ಭಯ ಬರೀ ಚಿತ್ರವಾಗುತ್ತದೆ.

ಮುಂದೆ ಅದೇ ಜೇಡ ಮತ್ತೆ ಮತ್ತೆ ಎದುರಾಗಿ, ಕಾಲುಗಳನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಕೊನೆಗೆ ಒಂದೇ ಕಾಲು ಉಳಿದು ನೆಲದ ಮೇಲೆ ಬಿದ್ದಿರುತ್ತದೆ. ದಾರಿಗೆ ಅಡ್ಡವಾಗಿ ಮುಳ್ಳಿನ ಗುಂಡಿ. ದಾಟಲು ಒಂದೇ ಉಪಾಯ: ಆ ಕೊನೆಯ ಕಾಲನ್ನೂ ಹಿಡಿದೆಳೆದು ಕಿತ್ತು, ದೇಹವನ್ನು ಗುಂಡಿಗೆ ಉರುಳಿಸಿ, ಅದರ ಮೇಲೆ ಕಾಲಿಟ್ಟು ಆಚೆಗೆ ಹೋಗುವುದು. ಎಳೆಯುವುದು ಪರದೆಯ ಹುಡುಗ, ಬಟನ್ ಒತ್ತಿ ಹಿಡಿದಿರುವುದು ನಾನು. ಇಷ್ಟು ಹೊತ್ತು ಬೆನ್ನಟ್ಟಿದ ಭಯ ಈ ಒಂದು ಕ್ರಿಯೆಯಲ್ಲಿ ಜಿಗುಪ್ಸೆಯಾಗಿ, ಜಿಗುಪ್ಸೆಯ ಅಡಿಯಲ್ಲೇ ಕರುಣೆಯಾಗಿ ಮಗುಚಿಕೊಳ್ಳುತ್ತದೆ.

ಇಂಥ ಅನುಭವವನ್ನು ಕಲೆ ಎನ್ನಬಹುದೇ? ಲಿಂಬೊ ಬಂದ ವರ್ಷವೇ ಏಪ್ರಿಲ್‌ನಲ್ಲಿ ಅಮೆರಿಕದ ಖ್ಯಾತ ಚಲನಚಿತ್ರ ವಿಮರ್ಶಕ ರಾಜರ್ ಈಬರ್ಟ್, ವಿಡಿಯೊ ಗೇಮ್ ಎಂದಿಗೂ ಕಲೆಯಾಗದು ಎಂದು ಬರೆದಿದ್ದರು. ಗೆಲ್ಲುವುದಕ್ಕೆಂದೇ ಇರುವ ವಸ್ತು ಕಲೆಯಲ್ಲ ಎನ್ನುವುದು ಅವರ ವಾದದ ಒಂದು ಎಳೆ. ಆಡಿ ನೋಡದೆ ಆ ಮಾತು ಎತ್ತಬಾರದಿತ್ತು ಎಂದು ಜುಲೈನಲ್ಲಿ ಒಪ್ಪಿದರಾದರೂ ನಂಬಿಕೆಯನ್ನು ಬಿಡಲಿಲ್ಲ. ಅವರ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಮ್ಮ ಕಾವ್ಯಮೀಮಾಂಸೆಯ ನೆಲೆಯಲ್ಲಿ ನಿಂತರೆ ಅದು ಇನ್ನೂ ಬಲವಾಗುತ್ತದೆ. ಕಾವ್ಯಮೀಮಾಂಸಕ ಅಭಿನವಗುಪ್ತ ರಸಾನುಭವಕ್ಕೆ ಏಳು ವಿಘ್ನಗಳನ್ನು ಹೇಳುತ್ತಾನೆ. ಇದು ನನ್ನದು, ಇದು ಇನ್ನೊಬ್ಬನದು ಎಂಬ ಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು ಅವುಗಳಲ್ಲಿ ಒಂದು; ತನ್ನದೇ ಸುಖದುಃಖಗಳಿಗೆ ವಶವಾಗುವುದು ಮತ್ತೊಂದು. ನಾಟಕದಲ್ಲಿ ಬೆದರಿದ ಜಿಂಕೆಯೊಂದರ ಭಯ ಜಿಂಕೆಯದೂ ಅಲ್ಲದೆ ನನ್ನದೂ ಅಲ್ಲದೆ ಎಲ್ಲರದೂ ಆದಾಗಲೇ, ಅಂದರೆ ಸಾಧಾರಣೀಕರಣಗೊಂಡಾಗಲೇ, ಅದು ಭಯಾನಕ ರಸ. ಆಟದಲ್ಲಿ ಹಾಗಾಗುವುದು ಹೇಗೆ? ಸತ್ತಿದ್ದು ನಾನು, ಸೋತಿದ್ದು ನಾನು, ಮತ್ತೆ ಮೊದಲಿಂದ ಆಡಬೇಕಾದವನೂ ನಾನು. ಸಹೃದಯ ಕೂತಲ್ಲೇ ಕೂತು ಪಡೆಯುವ ಬಿಡುಗಡೆ ಆಟಗಾರನಿಗಿಲ್ಲ.

ಲಿಂಬೊದ ಉತ್ತರಾರ್ಧ ಈ ವಿಘ್ನಕ್ಕೆ ಪಕ್ಕಾ ಉದಾಹರಣೆ. ವಿದ್ಯುತ್ ಹರಿಯುವ ಹೋಟೆಲ್ ಫಲಕದ ಅಕ್ಷರಗಳ ಮೇಲೆ ಜಿಗಿಯುವುದು, ಗುರುತ್ವವನ್ನು ತಿರುಗುಮುರುಗು ಮಾಡುವ ಯಂತ್ರಗಳು, ತಿರುಗುವ ಗರಗಸಗಳು, ಎಲ್ಲವೂ ಜಾಣತನದವು. ಮೊದಲ ಸಾವಿಗೆ ಬೆಚ್ಚುತ್ತೇವೆ. ಅದೇ ಜಾಗದಲ್ಲಿ ಐದಾರು ಸಲ ಸತ್ತ ಮೇಲೆ ಗರಗಸ ಬರೀ ಸಮಯದ ಲೆಕ್ಕ. ಯಾವಾಗ ಜಿಗಿಯಬೇಕು ಎಂಬುದಷ್ಟೇ ತಲೆಯಲ್ಲಿ. ಹುಡುಗನ ರುಂಡ ಹಾರಿದರೂ ನಮಗೆ ಬರುವುದು ಕಿರಿಕಿರಿ. ಚಿತ್ರ ಅಷ್ಟೇ ಕಪ್ಪಾಗಿದೆ, ಮಾರ್ಟಿನ್ ಸ್ಟಿಗ್ ಆಂಡರ್ಸನ್ ಹೆಣೆದ ಧ್ವನಿ ಅಷ್ಟೇ ಗೂಢವಾಗಿದೆ, ಭಯ ಮಾತ್ರ ಹೊರಟುಹೋಗಿದೆ. ಕಾರ್ಖಾನೆಯ ದೃಶ್ಯ ಇದಕ್ಕೆ ಕಾರಣವಲ್ಲ. ಅಲ್ಲಿ ಒಗಟು ಬಿಡಿಸಿದ ಮೇಲೆ ನಾನು ಬಿಡಿಸುವ ಮುನ್ನ ಇದ್ದವನೇ ಆಗಿರುತ್ತೇನೆ. ಬಾಗಿಲು ತೆರೆಯಿತು, ಅಷ್ಟೇ.

ಜೇಡದ ಪ್ರಸಂಗದಲ್ಲಿ ಹಾಗಲ್ಲ. ಅಲ್ಲಿ ‘ನನ್ನದು’ ಎಂಬ ಭಾವ ವಿಘ್ನವಾಗಿ ಶುರುವಾಗಿ ರಸದ ಸಾಮಗ್ರಿಯಾಗುತ್ತದೆ. ನನ್ನ ಗೆಲುವಿನ ಆತುರವೇ ಆ ಕಾಲನ್ನು ಕೀಳಿಸಿತು ಎಂದು ಹೊಳೆದ ಕ್ಷಣ ನಾನು ನನ್ನ ಪಕ್ಷವನ್ನು ಬಿಟ್ಟು, ಕಿತ್ತವನನ್ನೂ ಕೀಳಿಸಿಕೊಂಡ ಪ್ರಾಣಿಯನ್ನೂ ಒಟ್ಟಿಗೆ ನೋಡುವಂತಾಗುತ್ತದೆ. ಪ್ರೇಕ್ಷಕನಾಗಿ ಕೂತು ಇದೇ ದೃಶ್ಯವನ್ನು ಸಿನಿಮಾದಲ್ಲಿ ನೋಡಿದ್ದರೆ ಹುಡುಗನನ್ನು ಕ್ರೂರಿ ಎನ್ನುತ್ತಿದ್ದೆ, ಇಲ್ಲವೇ ಜೇಡಕ್ಕೆ ತಕ್ಕ ಶಾಸ್ತಿ ಎನ್ನುತ್ತಿದ್ದೆ. ಈ ಎರಡು ತೀರ್ಪುಗಳಿಗೂ ಅವಕಾಶವಿಲ್ಲದಂತೆ ಮಾಡುವುದು ಕೈಯಾರೆ ಮಾಡಿದ ಕೃತ್ಯ. ಸಾಧಾರಣೀಕರಣಕ್ಕೆ ಹೀಗೊಂದು ದಾರಿಯಿದೆ ಎಂಬುದು ಆಟ ಎಂಬ ಮಾಧ್ಯಮ ಕಾವ್ಯಮೀಮಾಂಸೆಗೆ ಕೊಡಬಹುದಾದ ಹೊಸ ಮಾತು. ಈಬರ್ಟ್ ಅವರಿಗೆ ಉತ್ತರವೂ ಇಲ್ಲಿದೆ: ಗೆಲುವಿನ ಆಸೆ ಕಲೆಗೆ ಅಡ್ಡಿಯೇನೋ ನಿಜ, ಆದರೆ ಆ ಆಸೆಯನ್ನೇ ವಸ್ತುವಾಗಿಸಿಕೊಂಡ ಆಟಕ್ಕೆ ಅದು ಅಡ್ಡಿಯಾಗುವುದಿಲ್ಲ.

ಪ್ಲೇಡೆಡ್ 2016ರಲ್ಲಿ ತಂದ ‘ಇನ್‌ಸೈಡ್’ ಇದನ್ನು ಇನ್ನೂ ದೃಢಪಡಿಸುತ್ತದೆ. ಅಲ್ಲಿ ಹುಡುಗ ಒಂದು ಶಿರಸ್ತ್ರಾಣದೊಳಗೆ ತಲೆಯಿಟ್ಟು, ಸ್ವಂತ ಇಚ್ಛೆಯಿಲ್ಲದ ಮನುಷ್ಯರನ್ನು ದೂರದಿಂದ ನಡೆಸುತ್ತಾನೆ. ನಾನು ಅವನನ್ನು ನಡೆಸುತ್ತೇನೆ, ಅವನು ಅವರನ್ನು. ಒಗಟಿನ ಯಂತ್ರವೇ ಕೃತಿಯ ಪ್ರಶ್ನೆಯಾಗಿದೆ: ನಡೆಸುವವನು ಯಾರು? ಅಲ್ಲಿ ಒಗಟು ಬಿಡಿಸಿದಷ್ಟೂ ಅಳುಕು ಹೆಚ್ಚುತ್ತದೆ. ನನ್ನ ತೀರ್ಪಿನಲ್ಲಿ ಲಿಂಬೊ ಅರ್ಧ ಮಹತ್ವದ ಕೃತಿ, ಇನ್‌ಸೈಡ್ ಪೂರ್ಣ ಕೃತಿ.

ಇಂಥ ಆಟಗಳ ಬಗ್ಗೆ ಬರೆಯುವವರು ಕೇಳಬೇಕಾದ ಪ್ರಶ್ನೆ ಒಂದಿದೆ: ಒಗಟು ಬಿಡಿಸಿದವನ ಭಾವ ಬಿಡಿಸುವ ಮುನ್ನ ಇದ್ದಂತೆಯೇ ಇತ್ತೇ? ಚಿತ್ರ, ಧ್ವನಿ, ಅವಧಿಗಳ ಅಂಕಪಟ್ಟಿಯಲ್ಲಿ ಇದಕ್ಕೆ ಜಾಗವಿಲ್ಲ. ಕನ್ನಡದಲ್ಲಿ ಸಿನಿಮಾ, ನಾಟಕಗಳಿಗೆ ವಿಮರ್ಶೆಯ ಪರಂಪರೆಯಿದೆ, ರಸಚರ್ಚೆಯ ಪರಿಭಾಷೆ ನಮ್ಮ ಕೈಯಲ್ಲೇ ಇದೆ. ಕಾವ್ಯ ಓದಿದವರು ಈ ಆಟಗಳನ್ನು ಮಕ್ಕಳ ಕಾಲಹರಣವೆಂದು ಬದಿಗಿಡದೆ, ಒಮ್ಮೆ ಆಡಿ, ಆಮೇಲೆ ಬರೆಯಲಿ.