ಬಾಗುವ ಕಡ್ಡಿ

ನಮ್ಮ ಮಾವನವರು ಪೈಪ್ ಸೇದುತ್ತಿದ್ದರು. ಅದನ್ನು ಶುಚಿ ಮಾಡುವ ಕೆಲಸ ಅತ್ತೆಯವರದು. ಸಣ್ಣ ತಂತಿಗಳೆರಡನ್ನು ಹೊಸೆದು, ನಡುವೆ ಹತ್ತಿಯ ಎಳೆ ಸಿಕ್ಕಿಸಿದ ಪೈಪ್ ಕ್ಲೀನರ್ ಕಡ್ಡಿ ಕೊಳವೆಯ ತಿರುವಿಗೆ ತಕ್ಕಂತೆ ಬಾಗುತ್ತದೆ. ಹೊಗೆಸೊಪ್ಪಿನ ಕಿಟ್ಟವನ್ನೂ ತೇವವನ್ನೂ ತಾನು ಹೀರಿಕೊಂಡು ಕಪ್ಪಾಗಿ ಹೊರಬರುತ್ತದೆ. ಆಮೇಲೆ ಅದರ ಜಾಗ ಕಸದ ಬುಟ್ಟಿ.

ಮಾವನವರು ತೀರಿಕೊಂಡ ಮೇಲೆ ಒಂದು ಕಟ್ಟು ಕಡ್ಡಿ ಉಳಿಯಿತು. ಹೊಲಿಗೆ ಯಂತ್ರದ ಸಂದಿಯಲ್ಲಿ ಸೇರಿದ ನೂಲು, ದೂಳು ತೆಗೆಯಲೆಂದು ನಾನು ಎರಡನ್ನು ಎತ್ತಿಟ್ಟುಕೊಂಡೆ. ಒಂದು ಮಧ್ಯಾಹ್ನ ನೋಡಿದರೆ, ಅತ್ತೆ ಮೊಮ್ಮಗಳ ಜೊತೆ ಕೂತು ಮಿಕ್ಕವನ್ನೆಲ್ಲ ಬಗ್ಗಿಸಿ ಚಿಟ್ಟೆ, ಹೂವು, ಎರಡು ಜಡೆಯ ಹುಡುಗಿ ಮಾಡುತ್ತಿದ್ದಾರೆ! ಶಾಲೆಯಲ್ಲಿ ಇಂಥವೇ ಬಣ್ಣದ ಕಡ್ಡಿ ಕೊಟ್ಟು ಮಾಡಿಸುತ್ತಾರಂತೆ.

"ಮಾವನವರ ವಸ್ತು, ಹೀಗೆ ಹಾಳು ಮಾಡ್ತಿದ್ದೀರಲ್ಲ ಅತ್ತೆ?" ಎಂದೆ.

ಅವರು ತಲೆ ಎತ್ತಲಿಲ್ಲ. "ನಲವತ್ತು ವರ್ಷ ಕೈಯಲ್ಲಿ ಹಿಡಿದಿದ್ದೀನಿ ಕಣಮ್ಮ. ಇದು ಹೂವೂ ಆಗತ್ತೆ ಅಂತ ಗೊತ್ತೇ ಇರಲಿಲ್ಲ."

ಒಂದು ವಸ್ತುವಿನ ಧರ್ಮ ಇರುವುದು ಮಾಡಿದವರ ಉದ್ದೇಶದಲ್ಲೋ, ಅದರ ಗುಣದಲ್ಲೋ? ಕೊಳವೆಯೊಳಗೆ ತೂರಿದ್ದೂ ಚಿಟ್ಟೆಯ ರೆಕ್ಕೆಯಾದದ್ದೂ ಆ ಬಾಗುವ ಗುಣವೇ. ಹೆಂಗಸರು ಹೊಂದಿಕೊಂಡು ಹೋಗುವವರು ಎಂದರೆ ನಮಗೆ ಹಿಗ್ಗು. ಆದರೆ ಯಾವುದಕ್ಕಾಗಿ ಬಾಗುತ್ತಿದ್ದೇವೆ ಎಂದು ಕೇಳಿಕೊಂಡವರು ಎಷ್ಟು ಮಂದಿ? ಶುಚಿ ಮಾಡುವುದು ಕೀಳಲ್ಲ. ನೀನಿರುವುದು ಅದಕ್ಕೆ ಮಾತ್ರ ಎಂದು ಇನ್ನೊಬ್ಬರು ಗೆರೆ ಎಳೆಯುವುದು ಅನ್ಯಾಯ. ಮಾವನವರ ಹೆಸರು ಹೇಳಿ ಆ ಗೆರೆ ಎಳೆದವಳು, ಅವತ್ತು, ನಾನೇ.

ಯಂತ್ರದ ಡ್ರಾಯರಿನಲ್ಲಿದ್ದ ಎರಡು ಕಡ್ಡಿಗಳನ್ನೂ ತಂದು ಅತ್ತೆಯ ಮುಂದಿಟ್ಟೆ.