ಗಾದೆಯ ಇನ್ನರ್ಧ

‘ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ.’ ಹೊಸ ಕೆಲಸಕ್ಕೆ ಕೈಹಾಕಿ ಅಳುಕುವವರಿಗೆ ಹಿರಿಯರು ಹೇಳುವ ಧೈರ್ಯದ ಮಾತಿದು. ಹೇಳುವುದು ಹೆಚ್ಚಾಗಿ ಮೊದಲರ್ಧವನ್ನು ಮಾತ್ರ. ಬಿ.ಎಡ್. ಇಂಟರ್ನ್‌ಶಿಪ್ಪಿಗೆಂದು ಶಾಲೆಗೆ ಬಂದ ಪ್ರಶಿಕ್ಷಣಾರ್ಥಿಗೆ ಸಿಗುವ ಅಭಯವೂ ಇದೇ ಧಾಟಿಯದು: ಮಾಡ್ತಾ ಮಾಡ್ತಾ ಬರುತ್ತೆ ಬಿಡಿ. ಆದರೆ ಗಾದೆಯ ಎರಡೂ ಅರ್ಧಗಳಲ್ಲಿ ನಡೆಯುವುದು ಒಂದೇ ಕ್ರಿಯೆ, ಮತ್ತೆ ಮತ್ತೆ ಮಾಡುವುದು. ಫಲ ಮಾತ್ರ ತದ್ವಿರುದ್ಧ. ಅಭ್ಯಾಸಕ್ಕೆ ಒಳಿತು ಕೆಡುಕಿನ ಭೇದವಿಲ್ಲ, ಯಾವುದನ್ನು ರೂಢಿಸಿಕೊಂಡರೂ ಅದು ಮೈಗೂಡುತ್ತದೆ. ಅಪಶ್ರುತಿಯಲ್ಲೇ ದಿನವೂ ಸಾಧನೆ ಮಾಡುವ ಗಾಯಕನಿಗೆ ಅಪಶ್ರುತಿಯೇ ಸಿದ್ಧಿಸುತ್ತದೆ. ಶಿಕ್ಷಕರ ತರಬೇತಿಯಲ್ಲಿ ನಾವು ಕೈಬಿಟ್ಟಿರುವುದು ಗಾದೆಯ ಈ ಎಚ್ಚರಿಕೆಯನ್ನು.

ನಮ್ಮ ಸುಧಾರಣೆಗಳ ಗಮನವೆಲ್ಲ ಅವಧಿಯ ಕಡೆಗೇ ವಾಲಿದ್ದು ಇದಕ್ಕೆ ಸಾಕ್ಷಿ. ಬಿ.ಎಡ್. ಒಂದು ವರ್ಷದ್ದಾಗಿದ್ದಾಗ ಅಭ್ಯಾಸ ಪಾಠವೆಂದರೆ ಬರೀ ಎಣಿಕೆ. ನಿಗದಿಯಾದಷ್ಟು ಪಾಠ ಒಪ್ಪಿಸಿದರೆ ಕೆಲಸ ಮುಗಿಯಿತು. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ, ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಾವಳಿಯಲ್ಲಿ ಕೋರ್ಸನ್ನು ಎರಡು ವರ್ಷಕ್ಕೆ ಹಿಗ್ಗಿಸಿ, ಶಾಲಾನುಭವಕ್ಕೆ 20 ವಾರಗಳನ್ನು ಮೀಸಲಿಟ್ಟಿತು. ಇದು ಬೇಕಾಗಿದ್ದ ಬದಲಾವಣೆಯೇ. ಆದರೆ ಆ 20 ವಾರಗಳಲ್ಲಿ ದಿನವೂ ಮೈಗೂಡುತ್ತಿರುವುದು ಏನು ಎಂಬ ಪ್ರಶ್ನೆಗೆ ವಾರಗಳ ಸಂಖ್ಯೆ ಉತ್ತರ ಕೊಡಲಾರದು.

ಒಂದು ಗಣಿತದ ತರಗತಿಯನ್ನೇ ತೆಗೆದುಕೊಳ್ಳೋಣ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಲು ಹೇಳಿದರೆ ಹುಡುಗಿಯೊಬ್ಬಳು 2/5 ಎಂದು ಬರೆಯುತ್ತಾಳೆ. ಪ್ರಶಿಕ್ಷಣಾರ್ಥಿ ‘ತಪ್ಪು, ಮೊದಲು ಛೇದ ಸಮ ಮಾಡ್ಕೋಬೇಕು’ ಎಂದು ಹಲಗೆಯ ಮೇಲೆ 3/6, 2/6 ಬರೆದು 5/6 ಎಂದು ಮುಗಿಸುತ್ತಾರೆ. ‘ಅರ್ಥ ಆಯ್ತಾ?’ ಎಂದರೆ ಇಡೀ ತರಗತಿ ‘ಆಯ್ತು ಮಿಸ್’ ಎನ್ನುತ್ತದೆ. ಸಂಜೆ ದಿನಚರಿಯಲ್ಲಿ ‘ಉದ್ದೇಶಗಳು ಈಡೇರಿದವು, ಮಕ್ಕಳು ಸಕ್ರಿಯವಾಗಿ ಭಾಗವಹಿಸಿದರು’ ಎಂಬ ಸಾಲು ಬೀಳುತ್ತದೆ. ಆ ಸಾಲಿನಲ್ಲಿ ಹುಡುಗಿ ಎಲ್ಲೂ ಇಲ್ಲ. ಅವಳು ಮನಸ್ಸಿಗೆ ಬಂದದ್ದನ್ನು ಬರೆದವಳಲ್ಲ. ಪೂರ್ಣ ಸಂಖ್ಯೆಗಳಲ್ಲಿ ಕಲಿತ ಸಂಕಲನವನ್ನೇ ನೆಚ್ಚಿ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದ್ದಾಳೆ. ‘2/5 ಅರ್ಧಕ್ಕಿಂತ ದೊಡ್ಡದೋ ಚಿಕ್ಕದೋ’ ಎಂದು ಕೇಳಿ, ಒಂದೇ ಉದ್ದದ ಎರಡು ಕಾಗದದ ಪಟ್ಟಿಗಳನ್ನು ಮಡಚಿಸಿ ನೋಡಿಸಿದ್ದರೆ, ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂದದ್ದು ಅವಳ ಕಣ್ಣಿಗೇ ಬೀಳುತ್ತಿತ್ತು. ಪಾಠ ಮುಗಿದ ಮೇಲಾದರೂ ‘ಅವಳು ಹಾಗೇಕೆ ಬರೆದಳು’ ಎಂದು ಯೋಚಿಸಿದವರು ಮರುದಿನ ಬೇರೆ ಪ್ರಶ್ನೆ ಹಿಡಿದು ಹೋಗುತ್ತಾರೆ. ಯೋಚಿಸದವರಿಗೆ ‘ಅರ್ಥ ಆಯ್ತಾ’ ಎಂಬ ಮಾತು ನಾಲಿಗೆಗೆ ಅಂಟುತ್ತದೆ, ಸೇವೆಯುದ್ದಕ್ಕೂ ಬಿಡುವುದಿಲ್ಲ.

ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1904ರಷ್ಟು ಹಿಂದೆಯೇ ಈ ಅಪಾಯವನ್ನು ಗುರುತಿಸಿದ್ದರು. ಹೊಸಬರನ್ನು ತರಗತಿಯ ಶಿಸ್ತಿನ ಹೊಣೆಗೆ ಬೇಗನೆ ದೂಡಿದರೆ, ಮಕ್ಕಳ ಮನಸ್ಸು ಹೇಗೆ ಓಡುತ್ತಿದೆ ಎಂಬುದನ್ನು ಬಿಟ್ಟು ತಕ್ಷಣ ಯಾವುದು ಕೆಲಸ ಮಾಡಿತೋ ಅದನ್ನೇ ಅವರು ರೂಢಿ ಮಾಡಿಕೊಳ್ಳುತ್ತಾರೆ ಎಂಬುದು ಅವರ ವಾದ. ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು: ಶಿಕ್ಷಕರಾಗುವವರು ತರಬೇತಿಗೆ ಬರುವ ಮೊದಲೇ ವಿದ್ಯಾರ್ಥಿಗಳಾಗಿ ಕುಳಿತು ಸಾವಿರಾರು ಗಂಟೆ ಪಾಠಗಳನ್ನು ನೋಡಿರುತ್ತಾರೆ. ತಾವು ಕೂತು ಕೇಳಿದ ಗದರಿಕೆ, ನೋಟ್ಸ್ ಬರೆಸುವಿಕೆ, ಒಕ್ಕೊರಲಿನ ಉತ್ತರ, ಎಲ್ಲವೂ ಒಳಗೆ ಕೂತಿರುತ್ತವೆ. ತರಗತಿ ಕೈತಪ್ಪಿದ ಕ್ಷಣದಲ್ಲಿ ಹೊರಬರುವುದು ಅವೇ. ನರಳಿಕೆ ಶುರುವಾಗಿದ್ದು ಇಂಟರ್ನ್‌ಶಿಪ್ಪಿನಲ್ಲಲ್ಲ, ಆದರೆ ನಿಲ್ಲಿಸಲು ಒಳ್ಳೆಯ ಅವಕಾಶವಿರುವುದು ಅಲ್ಲಿಯೇ.

ದಿನಚರಿ, ಚಿಂತನೆಯ ಸೋಂಕಿಲ್ಲದೆಯೂ ನಮ್ಮ ಹಳ್ಳಿ ಶಾಲೆಗಳಲ್ಲಿ ದೊಡ್ಡ ಮೇಷ್ಟ್ರುಗಳು ಆಗಿಹೋಗಿದ್ದಾರಲ್ಲ ಎನ್ನುವವರಿದ್ದಾರೆ. ಆಗಿಹೋಗಿರುವುದು ನಿಜ. ಅವರು ಬರೆಯದೆ ಇದ್ದಿರಬಹುದು, ಯೋಚಿಸದೆ ಇದ್ದವರಲ್ಲ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ಹುಟ್ಟನ್ನೇ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ಕಂಡು ಬಂದು, ತಮ್ಮ ತರಗತಿಗೆ ಒಗ್ಗುವ ಕಲಿಕಾ ಕಾರ್ಡುಗಳನ್ನು ತಾವೇ ರೂಪಿಸಿದರು. ಮುಂದೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಅನುಭವಸ್ಥರು ತಮ್ಮ ಪಾಠವನ್ನೇ ಪ್ರಶ್ನಿಸಿಕೊಂಡಾಗ ಏನಾಗಬಹುದೆಂಬುದಕ್ಕೆ ನಮ್ಮ ನೆಲದಲ್ಲೇ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣುವುದಿಲ್ಲ.

ಹೀಗೆ ಯೋಚಿಸಲು ಪ್ರಶಿಕ್ಷಣಾರ್ಥಿಗೆ ಸಮಯವೆಲ್ಲಿದೆ ಎಂಬ ಆಕ್ಷೇಪವನ್ನು ಒಪ್ಪಲೇಬೇಕು. ಹುದ್ದೆ ಖಾಲಿಯಿರುವ ಶಾಲೆಗಳಲ್ಲಿ ಪ್ರಶಿಕ್ಷಣಾರ್ಥಿ ಬಿಟ್ಟಿ ಶಿಕ್ಷಕರಾಗುತ್ತಾರೆ; ರಾತ್ರಿ ಪಾಠಯೋಜನೆ, ಚಾರ್ಟು, ರೆಕಾರ್ಡುಗಳ ರಾಶಿ. ಇದಕ್ಕೆ ಪರಿಹಾರ ಪಾಠಗಳನ್ನು ಕಡಿಮೆ ಮಾಡುವುದೇ ಹೊರತು ಚಿಂತನೆಯನ್ನು ಕೈಬಿಡುವುದಲ್ಲ. ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ದಿನಚರಿ ಎಂದು ಕಡ್ಡಾಯ ಮಾಡಿದರೆ ಅದೂ ಒಂದು ಶಾಸ್ತ್ರವಾಗಿ, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯುವಂತಾಗುತ್ತದೆ. ಆಗುತ್ತದೆ, ಯಾಕೆಂದರೆ ಅದನ್ನು ಓದುವವರ ಕೈಯಲ್ಲೇ ಆಂತರಿಕ ಅಂಕಗಳಿವೆ. ‘ಇವತ್ತು ನನ್ನ ಪಾಠ ಮಕ್ಕಳನ್ನು ಮುಟ್ಟಲಿಲ್ಲ’ ಎಂದು ಬರೆದು ಅಂಕ ಕಳೆದುಕೊಳ್ಳುವ ಧೈರ್ಯವನ್ನು ಇಪ್ಪತ್ತೆರಡು ವರ್ಷದವರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಆದ್ದರಿಂದ ಶಿಕ್ಷಣ ಕಾಲೇಜುಗಳು ದಿನಚರಿಗೆ ಅಂಕ ಕೊಡುವುದನ್ನು ನಿಲ್ಲಿಸಲಿ. ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ವೀಕ್ಷಿಸುವ ಮಾರ್ಗದರ್ಶಕರಲ್ಲಿ ನನ್ನದೊಂದು ಕೋರಿಕೆಯಿದೆ. ಧ್ವನಿಯ ಏರಿಳಿತ, ಹಲಗೆಯ ಬಳಕೆ ಎಂದು ನಮೂನೆಯನ್ನು ತುಂಬುವ ಮೊದಲು ಪಕ್ಕದ ಮಗುವಿನ ನೋಟ್‌ಬುಕ್ಕನ್ನು ಒಮ್ಮೆ ತೆರೆದು ನೋಡಿ; ಪಾಠ ಮುಗಿದ ಮೇಲೆ ಪ್ರಶಿಕ್ಷಣಾರ್ಥಿಯೊಡನೆ ಆ ಒಂದು ಪುಟದ ಬಗ್ಗೆ ಹತ್ತು ನಿಮಿಷ ಮಾತನಾಡಿ.